ಹತ್ತು ಗಂಟೆ ನಲವತ್ತು ನಿಮಿಷ

ಸುಗಟೂರಿನ ಚಾಕಿ ಕೇಂದ್ರದಲ್ಲಿ ರೇಷ್ಮೆಯ ಮರಿಹುಳುಗಳನ್ನು ಎರಡನೆಯ ಜ್ವರದವರೆಗೆ ಸಾಕಿ ರೈತರಿಗೆ ಹಂಚುವುದು ನನ್ನ ಕೆಲಸ. ಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ಕೂರುವುದನ್ನು ಇಲ್ಲಿ ಜ್ವರವೆನ್ನುತ್ತಾರೆ. ಎಲ್ಲ ಹುಳುಗಳೂ ಪೊರೆ ಕಳಚಿ ಎದ್ದ ಮೇಲೆಯೇ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಮೊದಲೇ ಹಾಕಿದರೆ ಎದ್ದವು ತಿಂದು ಬೆಳೆಯುತ್ತವೆ, ಏಳದವು ಹಿಂದುಳಿಯುತ್ತವೆ, ಬೆಳೆ ಏರುಪೇರಾಗುತ್ತದೆ.

ಹುಳು ಹಂಚುವಾಗ ಪ್ರತಿ ಮನೆಗೂ ಒಂದು ಚೀಟಿ ಬರೆದುಕೊಡುತ್ತಿದ್ದೆ. ಮೊದಲ ಸೊಪ್ಪು ಇಂಥ ದಿನ, ಇಂಥ ಗಂಟೆ, ಇಂಥ ನಿಮಿಷ. ಉಷ್ಣಾಂಶ, ತೇವಾಂಶ ನೋಡಿ ಹಾಕಿದ ಲೆಕ್ಕವದು. ನಿಮಿಷದ ಅಗತ್ಯವಿರಲಿಲ್ಲ, ಆದರೆ ನಿಮಿಷ ಕಂಡು ಜನ ಹುಬ್ಬೇರಿಸುತ್ತಿದ್ದರು. ಕೇಂದ್ರದ ಯಜಮಾನರಾದ ಅಶ್ವತ್ಥಪ್ಪನವರು ಬಂದವರಿಗೆಲ್ಲ ಆ ಚೀಟಿಯನ್ನು ತೋರಿಸುತ್ತಿದ್ದರು. ಊರಿನಲ್ಲಿ ಕ್ರೈಸ್ತಳೆಂದರೆ ನಾನೊಬ್ಬಳೇ. ಬಾಡಿಗೆ ಕೋಣೆಯಲ್ಲಿಯೂ ಒಬ್ಬಳೇ. ಸಂಜೆ ಆರರ ಮೇಲೆ ನನ್ನೊಡನೆ ಮಾತನಾಡಲು ಯಾರಿಗೂ ಕಾರಣವಿರುತ್ತಿರಲಿಲ್ಲ. ‘ಅನಿತ ಮೇಡಂ ಬರೆದ್ರೆ ಮುಗೀತು’ ಎಂಬ ಮಾತು ಹಗಲಿನಲ್ಲಿ ಕಿವಿಗೆ ಬಿದ್ದರೆ ಅಷ್ಟನ್ನೇ ಕೋಣೆಗೆ ಒಯ್ದು ಜೊತೆಗಿಟ್ಟುಕೊಳ್ಳುತ್ತಿದ್ದೆ.

ಡಿಸೆಂಬರಿನ ಹುಳುಗಳ ತಂಡಕ್ಕೆ ನಾನು ಬರೆದದ್ದು ಗುರುವಾರ ಬೆಳಿಗ್ಗೆ ಹತ್ತು ನಲವತ್ತು. ಬುಧವಾರ ಇದ್ದಕ್ಕಿದ್ದಂತೆ ಚಳಿ ಬಿತ್ತು. ಎಲ್ಲ ಹುಳುಗಳೂ ಏಳುವುದು ಸಂಜೆಗೇ ಎಂದು ಗುರುವಾರ ಏಳು ಗಂಟೆಗೆ ನನಗೆ ಖಚಿತವಾಯಿತು. ಹದಿನಾಲ್ಕು ಮನೆಗಳಿಗೆ ಫೋನ್ ಮಾಡಬೇಕಿತ್ತು. ಮೊಬೈಲ್ ಎತ್ತಿಕೊಂಡೆ. ಲೆಕ್ಕ ತಪ್ಪಿದೆ ಎಂಬುದನ್ನು ಮನಸ್ಸಿನಲ್ಲಿ ಮೂರು ರೀತಿಯಲ್ಲಿ ಜೋಡಿಸಿ ನೋಡಿದೆ. ಮೂರರಲ್ಲೂ ನಾನು ಚಿಕ್ಕವಳಾಗಿ ಕಂಡೆ. ಮೊಬೈಲ್ ಕೆಳಗಿಟ್ಟೆ.

ಭಾನುವಾರ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಆರಾಧನೆಯಲ್ಲಿ ಕುಳಿತೆ. ನಮ್ಮ ಯೋಗ್ಯತೆಯನ್ನು ಕೇಳದೆಯೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಅಂಗೀಕರಿಸಿದ್ದಾನೆ, ಹಾಗಿರುವಾಗ ಮನೆಮನೆಯ ಬಾಗಿಲಲ್ಲಿ ಹೊಗಳಿಕೆ ಬೇಡುವುದೇಕೆ ಎಂದು ಪಾಸ್ಟರ್ ಕೇಳಿದರು. ನಾನದನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದೆ. ಪಕ್ಕದಲ್ಲಿದ್ದವರು ಅಕ್ಷರ ಮುದ್ದಾಗಿದೆ ಎಂದಾಗ ಸಂತೋಷವೂ ಆಯಿತು.

ಸೋಮವಾರ ಆ ಹದಿನಾಲ್ಕು ಮನೆಗಳಲ್ಲೊಂದಾದ ರಾಮಲಕ್ಷ್ಮಮ್ಮನವರ ಮನೆಯಿಂದ ಕರೆ ಬಂತು. ಹೋಗಿ ನೋಡಿದೆ. ಅರ್ಧ ಹುಳು ಮೂರನೆಯ ಜ್ವರಕ್ಕೆ ಕೂತಿದ್ದವು. ಉಳಿದರ್ಧ ಇನ್ನೂ ಸಣ್ಣಗೆ ತಿನ್ನುತ್ತಿದ್ದವು. ಅಂಗಳದಲ್ಲಿ ನೆರೆಮನೆಯ ಚನ್ನರಾಯಪ್ಪ ತೀರ್ಪು ಕೊಡುತ್ತಿದ್ದರು. ರಾಮಲಕ್ಷ್ಮಮ್ಮನವರ ಸೊಸೆ ಗಂಗಾ ಗೋಡೆಗೆ ಒರಗಿ ನಿಂತಿದ್ದಳು.

“ರಾಯಲ್ಪಾಡಿಗೆ ಸಾವಿಗೆ ಹೋಗಿ ಬಂದೋಳು ಹುಳದ ಮನೆಗೆ ನುಗ್ಗಿದ್ರೆ ಇನ್ನೇನಾಗ್ತದೆ? ಓದಿದೋರು ನೀವೇ ಹೇಳಿ ಮೇಡಂ,” ಎಂದರು ಚನ್ನರಾಯಪ್ಪ.

“ಸ್ನಾನ ಮಾಡ್ಕೊಂಡೇ ಹೋಗಿದ್ದು ಮಾವ,” ಎಂದಳು ಗಂಗಾ. “ಅರ್ಧ ಹುಳ ಎದ್ದಿಲ್ಲ, ಸೊಪ್ಪು ಬ್ಯಾಡ ಅಂತ ಅತ್ತೆಗೆ ಹೇಳಿದ್ದೂ ನಾನೇ.”

“ಚೀಟಿ ಬರೆದೋರಿಗಿಂತ ನಿಂಗೆ ಜಾಸ್ತಿ ಗೊತ್ತೇನೇ?” ಎಂದರು ರಾಮಲಕ್ಷ್ಮಮ್ಮ. ಇನ್ನು ಮುಂದೆ ಅವಳು ಹುಳದ ಮನೆಯ ಹೊಸ್ತಿಲು ದಾಟಬಾರದೆಂದು ಆಗಲೇ ತೀರ್ಮಾನವಾಗಿತ್ತು.

ನನ್ನ ನಾಲಿಗೆಯ ಮೇಲೆ ಉತ್ತರ ಸಿದ್ಧವಿತ್ತು. ಹವಾಮಾನದ ವೈಪರೀತ್ಯ ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಗಂಗಾಳ ಮೇಲಿನ ಮಾತು ಮಾತ್ರ ಹಾಗೆಯೇ ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಗುರುವಾರ ಬೆಳಿಗ್ಗೆ ಮೊಬೈಲ್ ಕೆಳಗಿಟ್ಟವಳನ್ನು ಕರ್ತನು ಬಲ್ಲ; ಬಲ್ಲವನೇ ಅಂಗೀಕರಿಸಿದ್ದಾನೆ. ಹಾಗಾದರೆ ಈ ಅಂಗಳದಲ್ಲಿ ನಾನು ಕಾಪಾಡಿಕೊಳ್ಳಬೇಕಾದದ್ದು ಏನೂ ಇರಲಿಲ್ಲ.

“ಗಂಗಕ್ಕ ಹೇಳಿದ್ದೇ ಸರಿ,” ಎಂದೆ. “ನನ್ನ ಚೀಟಿ ತಪ್ಪು. ಗುರುವಾರ ಬೆಳಿಗ್ಗೆನೇ ಗೊತ್ತಾಗಿತ್ತು ನಂಗೆ. ನಾಚ್ಕೆ ಆಗಿ ಫೋನ್ ಮಾಡ್ಲಿಲ್ಲ.”

ಚನ್ನರಾಯಪ್ಪ ನಕ್ಕರು. “ನಮ್ಮನೆಗೂ ಅದೇ ಟೈಮ್ ಬರ್ದಿದ್ರಲ್ಲ. ಅದನ್ನ ಯಾರಮ್ಮಾ ನೋಡ್ತಾರೆ? ನಾನು ಹುಳ ನೋಡ್ಕೊಂಡು ಸೊಪ್ಪು ಹಾಕೋನು.”

ಆಮೇಲೆ ವಿಚಾರಿಸಿದಾಗ ತಿಳಿಯಿತು: ಹದಿಮೂರು ಮನೆಯವರು ಚೀಟಿಯನ್ನು ಹೊಗಳಿದರೂ ಸೊಪ್ಪು ಹಾಕಿದ್ದು ಹುಳುವನ್ನು ನೋಡಿ. ಚೀಟಿಯನ್ನೇ ನಂಬಿದ್ದು ಈ ಒಂದು ಮನೆ.

ರಾಮಲಕ್ಷ್ಮಮ್ಮ ಹುಳದ ಮನೆಯ ಬೀಗದಕೈಯನ್ನು ಸೊಸೆಯ ಮುಂದೆ ಜಗಲಿಯ ಮೇಲಿಟ್ಟು ಒಳಗೆ ಹೋದರು. ಗಂಗಾ ಅದನ್ನು ತೆಗೆದುಕೊಂಡು ನನ್ನತ್ತ ತಿರುಗಿದಳು.

“ಗುರುವಾರಾನೇ ಹೇಳಿದ್ರೆ ಏನಾಗ್ತಿತ್ತು?”

ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಅವಳ ಹಿಂದೆ ಒಳಗೆ ಹೋದೆ. ಮೇಲೆ ಎಳೆಸೊಪ್ಪು ಹರಡಿ, ತಿನ್ನುತ್ತಿದ್ದ ಸಣ್ಣ ಹುಳುಗಳು ಅದಕ್ಕೆ ಹತ್ತಿದಂತೆಲ್ಲ ಸೊಪ್ಪಿನ ಸಮೇತ ಎತ್ತಿ ಬೇರೆ ತಟ್ಟೆಗಳಿಗೆ ಹಾಕಿದೆವು. ಬೆಳೆಯಲ್ಲಿ ಎಷ್ಟು ಉಳಿಯಬಹುದೆಂದು ಅವಳು ಕೇಳಿದಳು. ಗೊತ್ತಿಲ್ಲ ಎಂದೆ.

ಮುಸ್ಸಂಜೆಯ ಹೊತ್ತಿಗೆ ಸುದ್ದಿ ಅಶ್ವತ್ಥಪ್ಪನವರಿಗೆ ತಲುಪಿ ಫೋನ್ ಬಂತು. ಚೀಟಿ ಬರೆಯುವುದನ್ನು ನಿಲ್ಲಿಸಬೇಕೆಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಇಟ್ಟರು. ಕೋಣೆಗೆ ಹೋಗುವ ದಾರಿಯಲ್ಲಿ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರು ನಾನು ಹಾದುಹೋಗುವಾಗ ಮುಖ ತಿರುಗಿಸಿಕೊಂಡರು.

ಕೋಣೆಯ ಬಾಗಿಲು ಮುಚ್ಚಿ ಚಾಪೆಯ ಮೇಲೆ ಮೊಣಕಾಲೂರಿದೆ. ಪ್ರಾರ್ಥನೆಯಲ್ಲಿಯೂ ನಾನು ವಾಕ್ಯಗಳನ್ನು ಓರಣವಾಗಿ ಜೋಡಿಸುವವಳು. ಅಂದು ಜೋಡಿಸಲಿಲ್ಲ. ಕರ್ತನೇ, ಇಲ್ಲಿ ನನಗೆ ಯಾರೂ ಇಲ್ಲ ಎಂದೆ. ಅಷ್ಟು ನೇರವಾಗಿ ಅದನ್ನು ಎಂದೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಅತ್ತು, ಎದ್ದು ಒಲೆ ಹಚ್ಚಿ ಅನ್ನಕ್ಕಿಟ್ಟೆ.