ಮೂರರ ಮೇಲೊಂದು ಸಣ್ಣದು

೧

ಟಕ್. ಟಕ್. ಟಕ್.

ಹೀಗೆ ಶುರುಮಾಡಬಹುದೇ? ರಾತ್ರಿ, ಸದ್ದು, ಒಂಟಿ ಹೆಂಗಸು. ಮೊದಲ ಸಾಲಿಗೇ ನೀವು ಆಕಳಿಸುತ್ತೀರಿ. ಆದರೆ ಓಪಲ್ ರತ್ನದ ಗಣಿಯೂರು ಕೂಬರ್ ಪೀಡಿಯಲ್ಲಿ ನಾವು ಗುಡ್ಡದ ಹೊಟ್ಟೆಯಲ್ಲಿ ಕೊರೆದ ಮನೆಗಳಲ್ಲಿರುವವರು. ದೀಪ ಆರಿಸಿದರೆ ರಾತ್ರಿ, ಹಾಕಿದರೆ ಹಗಲು. ಯದ್ರಾಂಕಾ ದೀಪ ಆರಿಸಿ ಮಲಗಿದ್ದಳು. ಗಂಡ ಸ್ಟೀಪೆ ಅರ್ಧ ಕೊರೆದು ಬಿಟ್ಟುಹೋಗಿದ್ದ ಕೋಣೆಯ ಕಡೆಯಿಂದ ಸದ್ದು ಬಂತು.

(ಬಿಟ್ಟುಹೋಗಿದ್ದ ಎಂದರೆ ಸತ್ತುಹೋಗಿದ್ದ. ಮೂರು ವರ್ಷವಾಯಿತು. ನೆಟ್ಟಗೆ ಹೇಳಲು ಹಿಂಜರಿಯುವುದು ನನ್ನ ಹಳೆಯ ಚಾಳಿ.)

ಬೇಡ. ಯಂತ್ರದಿಂದ ಶುರುಮಾಡೋಣ.

೧ (ಮತ್ತೆ)

ಮಂಗಳವಾರ ಬೆಳಿಗ್ಗೆ ಯದ್ರಾಂಕಾ ಲೆಫ್ಟೇರಿಸ್‌ನ ಬಾಡಿಗೆ ಅಂಗಡಿಯಿಂದ ಬಂಡೆ ಒಡೆಯುವ ಕರೆಂಟಿನ ಹ್ಯಾಮರ್ ತಂದಳು. ಶುಕ್ರವಾರದ ಬಸ್ಸಿಗೆ ತಂಗಿ ವೆಸ್ನಾ ಬರುವವಳಿದ್ದಳು. ಆಪರೇಷನ್ ಆದವಳು, ಮೇಲಿನ ಬಿಸಿಲು ತಡೆಯಲಾರಳು, ನೋಡಿಕೊಳ್ಳುವವರು ಬೇರೆ ಇಲ್ಲ. ಕೋಣೆಯಲ್ಲಿ ಮಂಚ ಹಿಡಿಯಬೇಕಾದರೆ ಇನ್ನೆರಡು ಮೊಳ ಕೊರೆಯಬೇಕು. ಯದ್ರಾಂಕಾಗೆ ಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ನನಗೆ ಬೇಕಾದದ್ದು.

"ಉಳಿಯ ಬಾಲಕ್ಕೆ ಗ್ರೀಸ್ ಸವರಕ್ಕಾ," ಎಂದ ಲೆಫ್ಟೇರಿಸ್. "ಲಾಕ್ ಕೂತ್ಮೇಲೆ ಒಂದ್ಸಲ ಎಳೆದು ನೋಡು. ವೈರು ಯಾವಾಗ್ಲೂ ಬೆನ್ನ ಹಿಂದೆ. ಕರೆಂಟ್ ಕಟ್ ಮಾಡೋ ಈ ಡಬ್ಬಿ ಇಲ್ದೆ ಪ್ಲಗ್ ಹಾಕ್ಬೇಡ. ಎರಡೂ ಕೈಯಲ್ಲಿ ಹಿಡಿ, ಕಾಲು ಅಗಲ ಇಡು, ಅದರ ಜೊತೆ ಕುಸ್ತಿ ಆಡ್ಬೇಡ. ಮೇಲಿಂದ ಕೆಳಕ್ಕೆ ಬಾ. ಬುಡ ಮೊದ್ಲು ತೆಗೆದ್ರೆ ಮೇಲಿದ್ದದ್ದು ತಲೆ ಮೇಲೆ."

"ಸ್ಟೀಪೆ ಹೆಂಡ್ತಿಗೆ ಪಾಠ ಹೇಳ್ತೀಯೇನೋ?"

"ಸ್ಟೀಪೆ ನನ್ನ ಎರಡು ಉಳಿ ಮುರಿದಿದ್ದ. ಅದಕ್ಕೇ ಹೇಳ್ತಿರೋದು. ಬಡಿಯೋದು ಮರೀಬೇಡ."

೨

ಬಡಿಯುವುದು ಎಂದರೆ: ಸ್ವಿಚ್ ಒತ್ತುವ ಮುಂಚೆ ಸಲಾಕೆಯಿಂದ ಗೋಡೆಗೆ ಮೂರು ಸಲ ಬಡಿದು ಕಾಯಬೇಕು. ಗೋಡೆಯಾಚೆ ಇನ್ನೊಬ್ಬರ ಮಲಗುವ ಕೋಣೆಯಿದ್ದರೆ ಅವರು ತಿರುಗಿ ಬಡಿಯುತ್ತಾರೆ. ಉತ್ತರ ಬಂದರೆ ಕೆಲಸ ನಿಲ್ಲಿಸು. ನಮ್ಮೂರಲ್ಲಿ ಎಲ್ಲರೂ ಹೀಗೇ. ಸ್ಟೀಪೆ ಮಾತ್ರ ಮೂರರ ಮೇಲೆ ಇನ್ನೊಂದು ಸಣ್ಣದನ್ನು ಬಡಿಯುತ್ತಿದ್ದ. ಯಾಕೆಂದು ಕೇಳಿದರೆ "ಅದು ನಿನಗೆ" ಎನ್ನುತ್ತಿದ್ದ.

ಯದ್ರಾಂಕಾ ಗೋಡೆಗೆ ನೀರು ಚಿಮುಕಿಸಿ ಧೂಳು ಅಡಗಿಸಿದಳು. ಮಾಸ್ಕ್, ಕನ್ನಡಕ, ಕೈಗವಸು, ಕಿವಿಗೆ ದಪ್ಪ ಮುಚ್ಚಳ, ಎಲ್ಲ ಹಾಕಿಕೊಂಡಳು. ಮೂರು ಸಲ ಬಡಿದಳು. ಕಾದಳು. ಸ್ವಿಚ್ ಒತ್ತಿದಳು.

(ತಪ್ಪು ಗೊತ್ತಾಯಿತೇ? ಅವಳಿಗಿನ್ನೂ ಗೊತ್ತಾಗಿಲ್ಲ. ಕಿವಿ ಮುಚ್ಚಿಕೊಂಡು ಉತ್ತರಕ್ಕೆ ಕಾದಳು.)

ಹತ್ತು ನಿಮಿಷಕ್ಕೆ ಡಬ್ಬಿ ಕಟಕ್ಕೆಂದು ಕರೆಂಟ್ ಕಡಿಯಿತು. ದೀಪ ಉರಿಯುತ್ತಿತ್ತು, ಹ್ಯಾಮರ್ ಮಾತ್ರ ಸತ್ತಿತ್ತು. ಅವಳು ಕಿವಿಯ ಮುಚ್ಚಳ ತೆಗೆದಳು.

ಟಕ್. ಟಕ್. ಟಕ್.

ಗೋಡೆಯೊಳಗಿಂದ.

೩

ಇಲ್ಲಿ ಯದ್ರಾಂಕಾ ನನ್ನ ಕಡೆ ತಿರುಗಿದಳು.

"ಆ ಸದ್ದು ತೆಗಿ."

"ಕಥೆಗೆ ಬೇಕಲ್ಲ."

"ನಿನ್ ಕಥೆ ಮನೆ ಹಾಳಾಗ. ನನಗೆ ಶುಕ್ರವಾರದೊಳಗೆ ಕೋಣೆ ಬೇಕು."

ತೆಗೆದೆ. ಆ ಪ್ರತಿಯಲ್ಲಿ ಅವಳು ಡಬ್ಬಿಯ ಗುಂಡಿ ಒತ್ತಿ ಕೆಲಸ ಮುಂದುವರಿಸುತ್ತಾಳೆ. ಐದನೇ ಸಾಲಿಗೆ ಸೂರು ಅವಳ ಮೇಲೆ ಕುಸಿಯುತ್ತದೆ. ಶುಕ್ರವಾರ ಬಸ್ಸಿನಿಂದ ಇಳಿದ ವೆಸ್ನಾ ಪೆಟ್ಟಿಗೆಯ ಮೇಲೆ ಕೂತು ಕಾಯುತ್ತಾಳೆ, ಕಾಯುತ್ತಲೇ ಇರುತ್ತಾಳೆ. ಹಾಳೆ ಹರಿದು, ಸದ್ದನ್ನು ಇದ್ದ ಜಾಗದಲ್ಲೇ ಇಟ್ಟೆ. ಮೂರು ಬಡಿತ, ಎಣಿಸಿ ಬರೆದೆ.

ಯದ್ರಾಂಕಾ ನಾಲ್ಕು ಕೇಳಿಸಿಕೊಂಡಳು. ಕೊನೆಯದು ಸಣ್ಣದು.

ಅದನ್ನು ನಾನು ಬರೆದದ್ದಲ್ಲ.

೫

(ನಾಲ್ಕನೆಯದನ್ನು ಬರೆಯಲು ಕೈ ಬರುತ್ತಿಲ್ಲ.)

ಅವಳು ಪ್ಲಗ್ ಕಿತ್ತು, ಹಿಂದೆ ಸರಿದು, ಲೆಫ್ಟೇರಿಸ್‌ಗೆ ಫೋನ್ ಮಾಡಿದಳು. ಗುಡ್ಡದ ನಕ್ಷೆ ಅವನ ಅಂಗಡಿಯ ಗೋಡೆಯಲ್ಲಿತ್ತು.

"ನನ್ನ ಹಿಂದಿನ ಗೋಡೆಯಾಚೆ ಯಾರಿದ್ದಾರೆ?"

"ಗುಡ್ಡ. ಅದರಾಚೆ ಇನ್ನೂ ಗುಡ್ಡ. ಯಾಕಕ್ಕಾ, ಓಪಲ್ ಸಿಕ್ತಾ?"

"ನಿನ್ ತಲೆ ಸಿಕ್ತು."

ಫೋನಿಟ್ಟು, ಬಾಗಿಲ ಬಳಿಯೇ ನಿಂತು, ಉದ್ದನೆಯ ಸಲಾಕೆಯಿಂದ ಸೂರನ್ನು ತಟ್ಟಿದಳು. ಗಟ್ಟಿ ಬಂಡೆ ಗಂಟೆಯ ಹಾಗೆ ದನಿ ಕೊಡುತ್ತದೆ. ಇದು ಖಾಲಿ ಗಡಿಗೆಯ ಹಾಗೆ ಕೊಟ್ಟಿತು. ಎರಡನೇ ಸಲ ತಟ್ಟುವಷ್ಟರಲ್ಲಿ ಮಂಚದಷ್ಟು ಅಗಲದ ಚಪ್ಪಡಿ ಹ್ಯಾಮರಿನ ಮೇಲೆ, ಅವಳು ಆಗ ತಾನೇ ನಿಂತಿದ್ದ ಜಾಗದ ಮೇಲೆ ಬಿತ್ತು.

ಧೂಳು ಇಳಿಯಿತು. ಚಪ್ಪಡಿ ಕಳಚಿದಲ್ಲಿ, ಹಿಂದಿನ ಗೋಡೆಯ ತಲೆಯಲ್ಲಿ, ತೋಳು ತೂರುವಷ್ಟು ಕಂಡಿ. ಅವಳು ತೂಗುತ್ತಿದ್ದ ಚೂರುಗಳನ್ನೆಲ್ಲ ದೂರದಿಂದಲೇ ಕೆಡವಿ, ಸೂರಿಗೆ ಆನಿಕೆ ಕೊಟ್ಟು, ಏಣಿ ಹತ್ತಿದಳು. ಟಾರ್ಚ್ ಹಿಡಿದು ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

೬

ಏನು ಕಂಡಿತು? ಆಯ್ದುಕೊಳ್ಳಿ: ಬರೀ ಬಿರುಕು, ಬಂಡೆ ಸಡಿಲಾಗುತ್ತಾ ಟಕ್ ಟಕ್ ಎನ್ನುತ್ತಿತ್ತು. ಅಥವಾ ನಕ್ಷೆಗೆ ಸಿಗದ ಯಾರದೋ ಹಳೆಯ ಸುರಂಗ. ಅಥವಾ, ಯಾರೂ ಕೊರೆಯದ ಕಡೆ, ಉಳಿಯ ಹಸಿ ಗುರುತು.

"ಯಾವುದು?" ಎಂದು ಅವಳನ್ನೇ ಕೇಳಿದೆ.

"ಬರೆಯೋರ ಹತ್ರ ಹೇಳೋದೂ ಒಂದೇ, ಊರಿಗೆ ಡಂಗುರ ಹೊಡೆಯೋದೂ ಒಂದೇ. ಹೋಗು."

ಕಂಡಿಯನ್ನು ಗಾರೆ ಕಲಸಿ ತಾನೇ ಮುಚ್ಚಿದಳು. ಹಿಡಿ ನಜ್ಜಾಗಿದ್ದರೂ ಹ್ಯಾಮರ್ ಓಡುತ್ತಿತ್ತು; ಬದಿಯ ಗಟ್ಟಿ ಗೋಡೆಯಲ್ಲಿ ಎರಡು ಮೊಳ ಕೊರೆದಳು: ಈ ಸಲ ಮೊದಲು ಬಡಿದು, ಬರಿಗಿವಿಯಲ್ಲಿ ಕಾದು, ಆಮೇಲೆ ಮುಚ್ಚಳ ಹಾಕಿಕೊಂಡು. ಅದನ್ನು ಗುರುವಾರ ವಾಪಸು ಕೊಟ್ಟಾಗ ಲೆಫ್ಟೇರಿಸ್, "ಗಂಡನಿಗಿಂತ ಒಂದು ಕೈ ಮೇಲು ನೀನು. ಇದೇನಾಯ್ತು?" ಎಂದ. "ಕೈ ಜಾರಿತು," ಎಂದಳು.

ಶುಕ್ರವಾರ ವೆಸ್ನಾ ಹೊಸ ಕೋಣೆಯ ಮಂಚದ ಮೇಲೆ ಕೂತು ಸೂಪು ಕುಡಿಯುತ್ತಿದ್ದವಳು ತಲೆಯೆತ್ತಿದಳು.

"ಅಕ್ಕಾ, ಯಾರೋ ಬಡಿದ ಹಾಗಾಯ್ತಲ್ಲ."

"ಎಷ್ಟು ಸಲ?"

"ಮೂರು. ಅಲ್ಲ, ಇರು…"

"ಗುಡ್ಡ ತಣಿಯೋವಾಗ ಹಾಗೇ ಸದ್ದು ಮಾಡತ್ತೆ. ಸೂಪು ಆರತ್ತೆ, ಕುಡಿ."

ತಂಗಿ ಬಟ್ಟಲಿಗೆ ಬಗ್ಗಿದಾಗ ಯದ್ರಾಂಕಾ ಬೆನ್ನ ಹಿಂದೆ ಕೈ ಚಾಚಿ, ಮೇಲೆ ಗಾರೆಯಿನ್ನೂ ಹಸಿಯಾಗಿದ್ದ ಗೋಡೆಯ ಬುಡಕ್ಕೆ ಬೆರಳ ಗೆಣ್ಣಿನಿಂದ ಬಡಿದಳು. ಒಂದೇ ಸಲ. ಸಣ್ಣದು.

ಆಮೇಲೆ ನನ್ನ ಕಡೆ ನೋಡಿದಳು. ನಾನು ಪೆನ್ನು ಎತ್ತಿಹಿಡಿದು ಕಾಯುತ್ತಿದ್ದೆ. ಕಂಡದ್ದನ್ನು ತಂಗಿಗೆ ಹೇಳಿಲ್ಲ, ಲೆಫ್ಟೇರಿಸ್‌ಗಿಲ್ಲ, ನಿನಗಂತೂ ಇಲ್ಲವೇ ಇಲ್ಲ ಎನ್ನುವ ಹಾಗೆ ತುಟಿ ಬಿಗಿದು ದೀಪ ಆರಿಸಿದಳು.