ಗೋಳದ ಮೇಲಿನ ದಾರ

ದಾರವನ್ನು ಸಡಿಲವಾಗಿ ಹಿಡಿದೆನೇ? ಗಂಟು ಎಣಿಸುವಾಗ ಒಂದು ಹೆಚ್ಚಾಯಿತೇ? ಅಥವಾ ನಿನ್ನೆ ಸಹಿ ಹಾಕಿ ಕಳಿಸಿದ ಕಾಗದವೇ ತಪ್ಪೇ?

ಅವನು ಮೇಜಿನ ಮೇಲಿನ ಭೂಗೋಳಕ್ಕೆ ಮತ್ತೆ ದಾರ ಬಿಗಿದ. ಸಾವಿರ ಕಿಲೋಮೀಟರಿಗೊಂದು ಗಂಟು. ಉತ್ತರದ ತುದಿಯ ವಿಮಾನ ನಿಲ್ದಾಣದಿಂದ ಸಮುದ್ರದ ನಡುವಿನ ದ್ವೀಪಕ್ಕೆ ಏಳು ಗಂಟು, ಮೇಲೊಂದು ಚೂರು. ಕಾಗದದಲ್ಲಿದ್ದದ್ದು ಆರು ಸಾವಿರದ ಇನ್ನೂರ ಹದಿನಾರು.

ಸರಕು ವಿಮಾನಗಳ ದಾರಿ ಲೆಕ್ಕ ಹಾಕುವ ಕಚೇರಿ ಅದು. ಲೆಕ್ಕ ಮುಗಿದ ಮೇಲೆ ದಾರ ಹಿಡಿದು ನೋಡಬೇಕೆಂಬುದು ಹಿರಿಯ ಗುಮಾಸ್ತರ ಕಟ್ಟಪ್ಪಣೆ. "ತಲೆ ತಪ್ಪಬಹುದು ಕಣಯ್ಯ, ದಾರ ತಪ್ಪಲ್ಲ" ಎನ್ನುತ್ತಿದ್ದರು. "ಪದವಿ ಮಾಡಿದ್ದು ದಾರ ಹಿಡಿಯೋಕಾ ಸಾರ್?" ಎಂದು ಇವನು ನಗುತ್ತಿದ್ದ. ನಿನ್ನೆ ಹಿರಿಯರು ರಜೆ. ದಾರ ಗೂಟದಲ್ಲೇ ತೂಗುತ್ತಿತ್ತು. ಇವತ್ತು ಸುಮ್ಮನೆ ಕೂರಲಾರದೆ ಕೈಗೆತ್ತಿಕೊಂಡಿದ್ದ.

ದಾಖಲೆ ಪುಸ್ತಕ ತೆರೆದ. ದ್ವೀಪ ಇರುವುದು ಭೂಮಧ್ಯರೇಖೆಯ ದಕ್ಷಿಣಕ್ಕೆ ನಾಲ್ಕು ಡಿಗ್ರಿ. ಇವನು ಉತ್ತರಕ್ಕೆ ನಾಲ್ಕು ಎಂದು ಹಿಡಿದಿದ್ದ. ಸುಮಾರು ಒಂಬೈನೂರು ಕಿಲೋಮೀಟರು ನೀರು ಲೆಕ್ಕದಿಂದ ಮಾಯವಾಗಿತ್ತು. ಇಂಧನ ತುಂಬುವುದು ಈ ಲೆಕ್ಕದ ಮೇಲೆ. ಆ ವಿಮಾನ ಏರಿ ಒಂದು ಗಂಟೆಯಾಗಿತ್ತು. ನಡೆಸುತ್ತಿದ್ದವನು ಅಕ್ಕನ ಗಂಡ.

ಈಗ ಹೇಳಿದರೆ ಹಿಂದಿರುಗಬಹುದು. ವೈರ್‌ಲೆಸ್ ಕೋಣೆ ಹನ್ನೆರಡು ಹೆಜ್ಜೆ ದೂರ. ಎದ್ದ. ಬಾಗಿಲ ಹಿಡಿಕೆ ತಣ್ಣಗೆ ಅಂಗೈಗೆ ತಾಗಿತು. ಕಾಗದದ ಕೆಳಗಿನ ಸಹಿ ಕಣ್ಣಿಗೆ ಕಟ್ಟಿತು. ದಾರವೇ ಕುಗ್ಗಿರಬಹುದು ಅಂದುಕೊಂಡ. ಕುಗ್ಗಿಲ್ಲವೆಂದು ಗೊತ್ತಿತ್ತು. ಬಂದು ಕೂತ.

ಮಧ್ಯಾಹ್ನ ಫೋನು ಬಡಿದುಕೊಂಡಿತು. ಅಕ್ಕ.

"ನಿಮ್ಮ ಭಾವ ಎಷ್ಟು ಹೊತ್ತಿಗೆ ಇಳೀತಾರೋ?"

"ಸಂಜೆಗೆ."

"ಯಾಕೋ, ಗಂಟಲು ಕಟ್ಟಿದೆ?"

"ಏನಿಲ್ಲ ಅಕ್ಕ. ಧೂಳು."

"ನೀನೊಬ್ಬ! ಬಾಯಿ ಬಿಟ್ರೆ ಮುತ್ತು ಉದುರಿಹೋಗತ್ತೇನೋ" ಎಂದು ನಕ್ಕು ಫೋನಿಟ್ಟಳು.

ಆಮೇಲೆ ಅವನು ಗೋಡೆ ಗಡಿಯಾರ ನೋಡುತ್ತ ಕೂತ. ಮೂರಾಯಿತು. ಲೆಕ್ಕದ ಪ್ರಕಾರ ಟ್ಯಾಂಕು ಬರಿದಾಗುವ ಹೊತ್ತು. ಅವನ ಬೆರಳಿಗೆ ಸುತ್ತಿಕೊಂಡಿದ್ದ ದಾರ ಚರ್ಮ ಕೊರೆದಿತ್ತು. ನಾಲ್ಕೂ ಆಯಿತು.

ನಾಲ್ಕೂಕಾಲಿಗೆ ವೈರ್‌ಲೆಸ್‌ನವನು ಬಾಗಿಲಲ್ಲಿ ತಲೆ ತೂರಿಸಿದ. "ನಿಮ್ಮ ಭಾವ ಇಳಿದ್ರಂತೆ! ಬೆಳಿಗ್ಗೆ ಏನಂದ್ರು ಗೊತ್ತಾ? 'ಲೆಕ್ಕ ಹಾಕಿರೋನು ನನ್ನ ಭಾಮೈದ, ಅದಕ್ಕೇ ಟ್ಯಾಂಕು ಕಂಠಪೂರ್ತಿ ತುಂಬಿಸಿ' ಅಂದ್ರಂತೆ!"

ಅವನೂ ನಕ್ಕ. ನಗು ನಿಲ್ಲಿಸಲು ಬಹಳ ಹೊತ್ತು ಬೇಕಾಯಿತು.

ಇಳಿದ ಮೇಲೆ ಕಾಗದದ ತಪ್ಪು ಕಂಡುಕೊಂಡಿದ್ದ ಭಾವ ಮುಂದಿನ ವಾರ ಊಟದ ನಡುವೆ ಬೆನ್ನು ತಟ್ಟಿ, "ಏನಪ್ಪಾ ಪದವೀಧರ, ಆ ದ್ವೀಪ ಯಾವ ಕಡೆಗಿದೆ?" ಎಂದು ಕಣ್ಣು ಮಿಟುಕಿಸಿದ. ಅಕ್ಕ ಅರ್ಥವಾಗದೆ ಇಬ್ಬರ ಮುಖ ನೋಡಿದಳು. ಅವನು ತಟ್ಟೆಯ ಅನ್ನ ಕಲಸತೊಡಗಿದ.

ವಿಮಾನ ಹಿಂದಿರುಗಬಹುದಾಗಿದ್ದ ಹೊತ್ತಿನಲ್ಲೇ ತನಗೆ ತಪ್ಪು ಗೊತ್ತಾಗಿತ್ತು ಎಂಬುದನ್ನು ಅವನು ಅಕ್ಕನಿಗಾಗಲಿ ಭಾವನಿಗಾಗಲಿ ಎಂದೂ ಹೇಳಲಿಲ್ಲ.