ಗುರುತು ಹೇಳಿದವರಿಗೆ ಮಾತ್ರ

ಈ ಕಥೆಯನ್ನು ಮೊದಲು ಹೇಳಿದವರು ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂರುವ, ಎಲ್ಲರೂ ಕಿಟಕಿಯಮ್ಮ ಎಂದು ಕರೆಯುವ ಹಿರಿಯರು. ಹೇಳಿದ್ದು ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಮಹಿಳಾ ಸಂಘದ ತಿಂಗಳ ಸಭೆ ನಿಲ್ದಾಣದ ಕಾಯುವ ಕೋಣೆಯಲ್ಲಿ ಸೇರಿದ್ದ ಒಂದು ಮಧ್ಯಾಹ್ನ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹಳಿಗಳು ಹತ್ತು ಮಾರು ಹೋಗಿ ಅಲ್ಲಿಯೇ ಮುಗಿದುಬಿಟ್ಟಂತೆ ಕಾಣುತ್ತಿದ್ದವು. ಅದೇ ಕಥೆಯನ್ನು ಆಮೇಲೆ ಅದರೊಳಗಿನ ಇಬ್ಬರ ಬಾಯಿಂದಲೂ ಕೇಳಿ, ಹೋಲಿಸಿ ಬರೆದಿದ್ದೇನೆ. ಮಾತು ಬೇರೆಯಾದ ಕಡೆ ಬೇರೆಯೆಂದೇ ಹೇಳಿದ್ದೇನೆ.

ಅದೇ ನಿಲ್ದಾಣದ ಕೊನೆಯಲ್ಲಿ ಕಳೆದುಹೋದ ವಸ್ತುಗಳ ಕೋಣೆಯೊಂದಿದೆ. ಜನ ರೈಲಿನಲ್ಲಿ ಮರೆತು ಇಳಿದದ್ದೆಲ್ಲ ಅಲ್ಲಿಗೆ ಬರುತ್ತದೆ: ಛತ್ರಿಗಳು, ಕನ್ನಡಕಗಳು, ಒಂಟಿ ಚಪ್ಪಲಿ, ಯಾರೋ ಅರ್ಧ ಹೆಣೆದ ಸ್ವೆಟರ್, ಒಮ್ಮೆ ಒಂದು ಪಿಟೀಲು. ಇಪ್ಪತ್ತಾರು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವರಿಗೆ ಜೋಪಾನಕ್ಕ ಎಂದೇ ಹೆಸರು ಬಿದ್ದಿದೆ. ಪ್ರತಿ ವಸ್ತುವಿಗೂ ರಟ್ಟಿನ ಚೀಟಿ ಕಟ್ಟಿ, ಸಿಕ್ಕ ದಿನ, ಸಿಕ್ಕ ಬೋಗಿ ಬರೆದು ಕಪಾಟಿನಲ್ಲಿ ಇಡುತ್ತಾರೆ. ಮೇಲಿನ ಗಾಜಿನಿಂದ ಬಿಸಿಲು ಇಳಿಯುವ ಹೊತ್ತಿಗೆ ಆ ಚೀಟಿಗಳು ಗಾಳಿಗೆ ಮೆಲ್ಲಗೆ ತಿರುಗುತ್ತವೆ. ವಸ್ತುಗಳೆಲ್ಲ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿವೆ ಅನ್ನಿಸುತ್ತದೆ. ಏನನ್ನಾದರೂ ಎಸೆಯುವುದು ಅವರಿಂದ ಆಗದ ಕೆಲಸ. ಇಂದು ಬಾರದವರು ನಾಳೆ ಬಂದಾರು ಎಂಬ ನಂಬಿಕೆಯಲ್ಲೇ ಅವರ ತಲೆಗೂದಲು ಬೆಳ್ಳಗಾಗಿದೆ.

ಅವರ ಪತಿ ಗಡಿಯಾರ ರಿಪೇರಿಯವರು. ಮನೆಯ ಮುಂಗೋಣೆಯೇ ಅಂಗಡಿ. ಬಲಗಣ್ಣು ಚಿಕ್ಕಂದಿನಿಂದಲೂ ಮಂದ. ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದುದೆಲ್ಲ ಎಡಗಣ್ಣಿನಿಂದ. ಆ ಕಣ್ಣಿಗೇ ಮಬ್ಬು ಕವಿಯಿತು. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಅವರು ಬೆರಳ ತುದಿಯಲ್ಲಿ ತಡವಿ ಹುಡುಕತೊಡಗಿದರು. ಗೋಡೆಯ ಮೇಲೆ ಒಂದೊಂದು ಗಡಿಯಾರ ಒಂದೊಂದು ಹೊತ್ತಿಗೆ ನಿಂತಿತು.

ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸರದಿಗೆ ಹೆಸರು ಬರೆಸಿ ಏಳು ತಿಂಗಳಾಗಿತ್ತು. ದಿನ ಗೊತ್ತಾದಾಗ ಇಮೇಲ್ ಬರುತ್ತದೆ, ಮೂರು ದಿನದೊಳಗೆ ಒಪ್ಪಿಗೆ ಕಳಿಸದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ, ಆಮೇಲೆ ಮತ್ತೆ ಸಾಲಿನ ಕೊನೆಯಿಂದಲೇ ಬರಬೇಕು ಎಂದು ಹೇಳಿ, ಆಸ್ಪತ್ರೆಯವರು ನೋಂದಣಿ ಸಂಖ್ಯೆ, ಫೋನ್ ನಂಬರ್ ಇರುವ ಒಂದು ಚೀಟಿ ಕೊಟ್ಟಿದ್ದರು. ಮನೆಗೆಲ್ಲ ಇದ್ದ ಇಮೇಲ್ ವಿಳಾಸ ಒಂದೇ, ಜೋಪಾನಕ್ಕನದು.

ಆ ಇನ್‌ಬಾಕ್ಸ್ ಕೂಡ ಅವರ ಕೋಣೆಯಂತೆಯೇ ಇತ್ತು. ಬಹುಮಾನ ಬಂದಿದೆ ಎನ್ನುವ ಪತ್ರ, ಕೂದಲು ಬೆಳೆಸುವ ಎಣ್ಣೆಯ ಪತ್ರ, ಎಂದೂ ಕೇಳದ ದೇಶದ ವಿಧವೆಯೊಬ್ಬಳ ಆಸ್ತಿಯ ಪತ್ರ, ಯಾವುದನ್ನೂ ಅವರು ಅಳಿಸಿರಲಿಲ್ಲ. ಹನ್ನೊಂದು ಸಾವಿರ ಪತ್ರಗಳಿದ್ದವು ಎಂದು ಕಿಟಕಿಯಮ್ಮನ ಮಾತು. ಜೋಪಾನಕ್ಕನ ನಾದಿನಿ ಒಂಬತ್ತು ಸಾವಿರ ಎನ್ನುತ್ತಾಳೆ. ಸಾಕ್ಷಿ ಹೇಳಬೇಕಾದ ಪೆಟ್ಟಿಗೆ ಈಗ ಖಾಲಿಯಿರುವುದರಿಂದ ತೀರ್ಮಾನಿಸುವಂತಿಲ್ಲ. ಇಷ್ಟು ಮಾತ್ರ ಎಲ್ಲರೂ ಒಪ್ಪುತ್ತಾರೆ: ಪತ್ರಗಳು ಮೂರು ದಿನದಿಂದ ಇದ್ದಕ್ಕಿದ್ದಂತೆ ನಿಂತುಹೋಗಿದ್ದವು, ಪೀಡೆ ತೊಲಗಿತೆಂದು ಜೋಪಾನಕ್ಕ ಪೆಟ್ಟಿಗೆಯನ್ನು ತೆರೆದೂ ನೋಡದೆ ನೆಮ್ಮದಿಯಾಗಿದ್ದರು. ಜಾಗ ತುಂಬಿದೆ ಎಂದು ಪರದೆಯ ಮೇಲೆ ಮೂಡಿದ್ದ ಸಾಲನ್ನು ಅದೂ ಒಂದು ಜಾಹೀರಾತೆಂದು ಬಿಟ್ಟಿದ್ದರು.

ಆ ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಮೇಜಿನ ಮೇಲೆಯೇ ಜೋಂಪು ಹತ್ತಿತು. ಕನಸಿನಲ್ಲಿ ಕೋಣೆಯ ಮುಂದೆ ಜನರ ಸಾಲು. ಎಲ್ಲರ ಮುಖದಲ್ಲೂ ಒಂದೇ ನಗು. ಯಾರೂ ಏನನ್ನೂ ಕೇಳಲು ಬಂದಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಗಂಟು ಇಳಿಸಿ, ಅವರ ಕೆನ್ನೆ ಸವರಿ ಹೋಗುತ್ತಿದ್ದರು. ಗಂಟುಗಳು ಮೊಣಕಾಲಿಗೆ ಬಂದವು, ಸೊಂಟಕ್ಕೆ ಬಂದವು, ಛತ್ರಿಗಳು ಮುಳುಗಿದವು, ಪಿಟೀಲು ಮುಳುಗಿತು. ದೂರದಲ್ಲಿ, ಬಾಗಿಲಿನ ಆಚೆ, ಬಿಳಿ ಕೋಟಿನವರೊಬ್ಬರು ಒಂದು ಲಕೋಟೆ ಹಿಡಿದು ನಿಂತಿದ್ದರು. ಬಾಗಿಲಿಗೆ ಗಂಟುಗಳು ಒತ್ತಿಕೊಂಡಿದ್ದರಿಂದ ಅದು ತೆರೆಯುತ್ತಿರಲಿಲ್ಲ. ಅವರು ಅವಸರವಿಲ್ಲದೆ, ಗಡಿಯಾರ ಬಡಿದಂತೆ, ಟಕ್ ಟಕ್ ಎಂದು ತಟ್ಟುತ್ತಲೇ ಇದ್ದರು.

ಕಣ್ಣು ಬಿಟ್ಟರೆ ತಟ್ಟುತ್ತಿದ್ದವಳು ನಾದಿನಿ, ಗಡಿಯಾರದವರ ತಂಗಿ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸ, ಬಿಡುವಿನಲ್ಲಿ ಬಂದಿದ್ದಳು.

"ಕಳೆದುಹೋದ ಸಾಮಾನಿನ ಕೋಣೇಲಿ ನೀವೇ ಕಳೆದುಹೋಗಿದ್ರಲ್ಲ ಅತ್ತಿಗೆ. ನಿಮಗೂ ಒಂದು ಚೀಟಿ ಕಟ್ಟಿ ಹೋಗೋಣ ಅಂತಿದ್ದೆ."

ಕನಸಿನ ಗುಂಗಿನಲ್ಲೇ ಜೋಪಾನಕ್ಕ ಫೋನ್ ತೆರೆದು ನೋಡಿದರು. ರಾಶಿಯ ತುದಿಯಲ್ಲಿ, ಮೂರು ದಿನದ ಹಿಂದೆ ಬಂದ ಕೊನೆಯ ಪತ್ರದ ಮೇಲೆ 'ಕಣ್ಣಾಸ್ಪತ್ರೆ' ಎಂದಿತ್ತು. ನಿಮ್ಮ ಶಸ್ತ್ರಚಿಕಿತ್ಸೆಯ ದಿನ ಸಿದ್ಧವಾಗಿದೆ, ಕೂಡಲೇ ಕೆಳಗಿನ ಲಿಂಕ್ ಒತ್ತಿ ಕಾರ್ಡ್ ಸಂಖ್ಯೆ, ಫೋನಿಗೆ ಬರುವ ಒಟಿಪಿ ಕೊಡಿ, ತಡವಾದರೆ ಜಾಗ ಹೋಗುತ್ತದೆ ಎಂದು ಬರೆದಿತ್ತು. ಅವರ ಕಣ್ಣಲ್ಲಿ ನೀರು ಬಂತು. ಬೆರಳು ಲಿಂಕಿನ ಮೇಲೆ ಹೋಯಿತು. ನಾದಿನಿ ಮಣಿಕಟ್ಟು ಹಿಡಿದಳು.

"ಒಂದ್ನಿಮಿಷ. ಇಲ್ಲಿಗೆ ಒಬ್ಬ ಬಂದು, ಆ ಕಪ್ಪು ಛತ್ರಿ ನಂದು ಅಂದ್ರೆ ಕೊಟ್ಟುಬಿಡ್ತೀರಾ?"

"ಯಾಕೆ ಕೊಡ್ತೀನಿ? ಗುರುತು ಹೇಳು ಅಂತೀನಿ. ಹಿಡಿ ಎಂಥದು, ಎಲ್ಲಿ ಹರಿದಿದೆ, ಯಾವ ಬೋಗೀಲಿ ಬಿಟ್ಟೆ. ನಿಜವಾದವರಿಗೆ ಗೊತ್ತಿರುತ್ತೆ. ಸುಮ್ಮನೆ ಬಂದವರು ಮೊದಲು ಬೆಣ್ಣೆ ಹಚ್ತಾರೆ, ಆಮೇಲೆ ರೈಲು ಹೊರಡುತ್ತೆ ಬೇಗ ಕೊಡಿ ಅಂತ ಅವಸರ ಮಾಡ್ತಾರೆ."

"ಹಾಗಾದ್ರೆ ಈ ಪತ್ರಾನೂ ಕೇಳಿ. ಯಾವ ಕಣ್ಣು?"

ಜೋಪಾನಕ್ಕ ಪತ್ರವನ್ನು ಮೂರು ಸಲ ಓದಿದರು. 'ಪ್ರಿಯ ಗ್ರಾಹಕರೇ' ಎಂದಿತ್ತೇ ಹೊರತು ಪತಿಯ ಹೆಸರಿರಲಿಲ್ಲ, ನೋಂದಣಿ ಸಂಖ್ಯೆಯಿರಲಿಲ್ಲ. ಎಡವೋ ಬಲವೋ ಎಂಬ ಮಾತೇ ಇರಲಿಲ್ಲ. ಆದರೂ ಅವರ ಮನಸ್ಸು ಒಪ್ಪಲಿಲ್ಲ. ಕಣ್ಣಾಸ್ಪತ್ರೆಗೆ ಕಾಯುತ್ತಿರುವುದು ಪರರಿಗೆ ಹೇಗೆ ತಿಳಿಯಬೇಕು ಎಂದು ವಾದಕ್ಕೆ ನಿಂತರು.

ನಾದಿನಿ ಫೋನ್ ತೆಗೆದುಕೊಂಡು, ಅತ್ತಿಗೆ ಕಳಿಸಿದ ಪತ್ರಗಳನ್ನು ತೆರೆದಳು. ಜೋಪಾನಕ್ಕ ಬಿಡುವಾದಾಗಲೆಲ್ಲ ಈ ಬೇಡದ ಸ್ಪ್ಯಾಮ್ ಪತ್ರಗಳಿಗೆ ಉತ್ತರ ಬರೆದಿದ್ದರು. 'ಮಾನ್ಯರೇ, ತಾವು ಕಳಿಸಿದ ಬಹುಮಾನ ನಮ್ಮದಲ್ಲ. ಸಂಬಂಧಪಟ್ಟವರು ಬಂದರೆ ಕೊಡಲು ಜೋಪಾನವಾಗಿ ಇಟ್ಟಿದ್ದೇನೆ. ನಾವು ಕಣ್ಣಾಸ್ಪತ್ರೆಯ ಪತ್ರಕ್ಕೆ ಮಾತ್ರ ಕಾಯುತ್ತಿರುವುದರಿಂದ ಬೇರೆ ಏನನ್ನೂ ಕಳಿಸಬಾರದಾಗಿ ವಿನಂತಿ.' ಹೀಗೆ ಮುನ್ನೂರ ನಲವತ್ತು ಉತ್ತರಗಳು.

ನಾದಿನಿ ನಗುತ್ತ ನಗುತ್ತ ಯಾರೋ ಕಳೆದುಕೊಂಡ ಟ್ರಂಕಿನ ಮೇಲೆ ಕುಸಿದು ಕೂತಳು. "ಅತ್ತಿಗೆ, ಕಳ್ಳರಿಗೆ ರಸೀದಿ ಬರೆದು ಕೊಟ್ಟಿದ್ದೀರಲ್ಲ."

"ಪತ್ರ ಬಂದ್ರೆ ಉತ್ತರ ಬರೀಬೇಕು ಅಲ್ವೇನೆ ಮಹರಾಯ್ತಿ?"

ನಗು ನಿಂತ ಮೇಲೆ ಅವಳು ಬಿಡಿಸಿ ಹೇಳಿದಳು. ಈ ಪತ್ರಗಳನ್ನು ಕಳಿಸುವವರಿಗೆ ಯಾವ ವಿಳಾಸದ ಹಿಂದೆ ಮನುಷ್ಯರಿದ್ದಾರೆಂದು ತಿಳಿದಿರುವುದಿಲ್ಲ. ಲಕ್ಷಗಟ್ಟಲೆ ಬೀಸಿ ಎಸೆಯುತ್ತಾರೆ. ಒಂದು ಉತ್ತರ ಹೋದರೆ ಸಾಕು, ಇಲ್ಲೊಬ್ಬರು ಓದುತ್ತಾರೆಂದು ಗೊತ್ತಾಗಿ ಹತ್ತು ಪತ್ರ ಹೊಸದಾಗಿ ಬರುತ್ತವೆ. ಉತ್ತರದಲ್ಲಿ ಮನೆಯ ಮಾತು ಬರೆದರೆ, ಆ ಮಾತನ್ನೇ ಗಾಳಕ್ಕೆ ಸಿಕ್ಕಿಸಿ ಮರಳಿ ಎಸೆಯುತ್ತಾರೆ.

ಪತ್ರದಲ್ಲಿದ್ದ ಲಿಂಕನ್ನು ಮುಟ್ಟದೆ, ಆಸ್ಪತ್ರೆಯವರೇ ಕೊಟ್ಟಿದ್ದ ಚೀಟಿ ತೆಗೆದು ಅದರ ನಂಬರಿಗೆ ಫೋನ್ ಮಾಡಿದರು. ಅತ್ತ ಕಡೆಯ ಗುಮಾಸ್ತೆ, ಮೊನ್ನೆಯಿಂದ ಎರಡು ಸಲ ಪತ್ರ ಕಳಿಸಿದೆವು, ನಿಮ್ಮ ಪೆಟ್ಟಿಗೆ ತುಂಬಿದೆಯೆಂದು ಎರಡೂ ಸಲ ತಿರುಗಿ ಬಂತು, ಇವತ್ತು ನಾಲ್ಕು ಗಂಟೆಗೆ ಗಡುವು ಮುಗಿಯುತ್ತದೆ ಎಂದರು. ಜಾಗ ಮಾಡಿ ಹೇಳಿದರೆ ಮತ್ತೊಮ್ಮೆ ಕಳಿಸುವುದಾಗಿ ಒಪ್ಪಿದರು. ಆಗ ಗಂಟೆ ಎರಡೂ ಮುಕ್ಕಾಲು.

ನಾದಿನಿ ಪತ್ರಗಳನ್ನು ಗುಂಪು ಗುಂಪಾಗಿ ಗುರುತು ಮಾಡಿ ಫೋನನ್ನು ಅತ್ತಿಗೆಯ ಕೈಗಿಟ್ಟಳು. ಒತ್ತಬೇಕಾದವರು ಅವರೇ. ಆದರೆ ಅವರ ಕೈ ಏಳಲಿಲ್ಲ. ಸುತ್ತಲೂ ಕಪಾಟುಗಳಲ್ಲಿ ಚೀಟಿಗಳು ಮೆಲ್ಲಗೆ ತಿರುಗುತ್ತಿದ್ದವು. ಯಾರದೋ ಇರಬಹುದು, ನಾಳೆ ಯಾರಾದರೂ ಕೇಳಿಕೊಂಡು ಬಂದರೆ ಏನು ಹೇಳಲಿ ಎಂದು ಗೊಣಗಿದರು. ನಾದಿನಿ ಈ ಸಲ ನಗಲಿಲ್ಲ.

"ಇವನ್ನ ಯಾರೂ ಕಳ್ಕೊಂಡಿಲ್ಲ ಅತ್ತಿಗೆ. ಬೇಕಂತಲೇ ಬಿಟ್ಟುಹೋಗಿದ್ದಾರೆ."

ಜೋಪಾನಕ್ಕ ಕಪಾಟುಗಳನ್ನೊಮ್ಮೆ ನೋಡಿದರು. ಆಮೇಲೆ ಒತ್ತಿದರು.

ಗುರುತಿಲ್ಲದವರ ಪತ್ರಗಳನ್ನು ಬರೀ ಅಳಿಸದೆ ಸ್ಪ್ಯಾಮ್ ಎಂದು ತೋರಿಸಿದರು. ಹಾಗೆ ತೋರಿಸಿದರೆ ಅಂಥವು ಮುಂದೆ ತಾವಾಗಿಯೇ ಬದಿಗೆ ಸರಿಯುತ್ತವೆ. ಹಿಂದೆ ಪರದೆ ಬಟ್ಟೆ ಕೊಂಡಿದ್ದ ಅಂಗಡಿಯ ಪತ್ರಗಳಿಗೆ, ಅಂಗಡಿ ನಿಜವಾದದ್ದೇ ಆದ್ದರಿಂದ, ಇನ್ನು ಕಳಿಸಬೇಡಿ ಎನ್ನುವ ಅನ್‌ಸಬ್‌ಸ್ಕ್ರೈಬ್ ಒತ್ತಿದರು. ಅಪರಿಚಿತರ ಪತ್ರದಲ್ಲಿ ಆ ಮಾತನ್ನೂ ಒತ್ತಬಾರದು, ಅದೂ ಉತ್ತರ ಬರೆದ ಹಾಗೆಯೇ ಎಂದು ನಾದಿನಿ ಎಚ್ಚರಿಸಿದಳು. ಸ್ಪ್ಯಾಮ್ ಪೆಟ್ಟಿಗೆಯನ್ನು ಬರಿದು ಮಾಡುವ ಮೊದಲು ಒಮ್ಮೆ ಕಣ್ಣಾಡಿಸಿದಾಗ ದಾರಿ ತಪ್ಪಿ ಅಲ್ಲಿ ಬಿದ್ದಿದ್ದ ಬಾಲ್ಯದ ಗೆಳತಿಯ ಪತ್ರವೊಂದು ಸಿಕ್ಕಿತು. ಅದನ್ನು ಎತ್ತಿಟ್ಟು, ಅಳಿಸಿದ ಪತ್ರಗಳು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಬುಟ್ಟಿ ತುಂಬಿದ್ದರೆ ಜಾಗ ತುಂಬಿದಂತೆಯೇ ಲೆಕ್ಕ. ಆಸ್ಪತ್ರೆಗೆ ಮತ್ತೆ ಫೋನ್ ಮಾಡಿ ಜಾಗವಾಯಿತೆಂದು ಹೇಳಿದರು.

ಮೂರು ಇಪ್ಪತ್ತಕ್ಕೆ, ನೀರು ತಿಳಿಯಾದ ಮೇಲೆ ತಳದ ಕಲ್ಲು ಕಾಣುವ ಹಾಗೆ, ಬರಿದಾದ ಪರದೆಯ ಮೇಲೆ ಒಂದೇ ಒಂದು ಪತ್ರ ಬಂದು ನಿಂತಿತು. ಜೋಪಾನಕ್ಕ ಬೆರಳು ಹಿಂದಕ್ಕೆ ಎಳೆದುಕೊಂಡರು.

"ಗುರುತು ಹೇಳು," ಎಂದರು ಪತ್ರಕ್ಕೆ.

ನಾದಿನಿ ಓದಿದಳು. ಪತಿಯ ಹೆಸರು ಸರಿಯಿತ್ತು. ಚೀಟಿಯಲ್ಲಿದ್ದ ಸಂಖ್ಯೆ ಸರಿಯಿತ್ತು. ಎಡಗಣ್ಣು ಎಂದಿತ್ತು. ಕಾರ್ಡನ್ನು ಕೇಳಿರಲಿಲ್ಲ, ಒಟಿಪಿ ಕೇಳಿರಲಿಲ್ಲ. ಒಪ್ಪಿಗೆ ಎಂದು ಬರೆದರೆ ಸಾಕಿತ್ತು. ಮುನ್ನೂರ ನಲವತ್ತೊಂದನೆಯ ಉತ್ತರವನ್ನು ಜೋಪಾನಕ್ಕ ಬಹಳ ಹೊತ್ತು ತೆಗೆದುಕೊಂಡು, ಅಕ್ಷರ ಅಕ್ಷರ ನೋಡಿ ಬರೆದರು.

ಕಣ್ಣಿನ ಪಟ್ಟಿ ಬಿಚ್ಚಿ ಕೆಲವು ವಾರಗಳಾದ ಮೇಲೆ ಗಡಿಯಾರದವರು ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಗೋಡೆಯ ಗಡಿಯಾರಗಳೆಲ್ಲ ಒಂದೇ ಕ್ಷಣಕ್ಕೆ ನಾಲ್ಕು ಬಡಿದವು ಎಂದು ಕಿಟಕಿಯಮ್ಮ ಹೇಳುತ್ತಾರೆ. ಒಂದು ಗಡಿಯಾರ ಈಗಲೂ ಹತ್ತು ನಿಮಿಷ ಹಿಂದಿದೆ ಎಂದು ನಾದಿನಿ ತಿದ್ದುತ್ತಾಳೆ. ಜೋಪಾನಕ್ಕ ಪ್ರತಿ ಶನಿವಾರ ಹತ್ತು ನಿಮಿಷ ಕೂತು ಇನ್‌ಬಾಕ್ಸ್ ಗುಡಿಸುತ್ತಾರೆ. ಅಂಗಡಿಗಳಿಗೆ ಕೊಡಲೆಂದೇ ಬೇರೊಂದು ವಿಳಾಸ ಮಾಡಿಸಿಕೊಂಡಿದ್ದಾರೆ.

ಕಥೆ ಮುಗಿಸಿ ಕಿಟಕಿಯಮ್ಮ ಸಭೆಯತ್ತ ತಿರುಗಿದರು. "ನಿಮ್ಮ ನಿಮ್ಮ ಫೋನಲ್ಲೂ ಇಂಥ ಗಂಟುಗಳಿವೆ, ನನಗೆ ಗೊತ್ತು. ಇವತ್ತೇ ಮನೆಗೆ ಹೋಗಿ ನೋಡಿ. ಗುರುತಿಲ್ಲದವರಿಗೆ ಉತ್ತರ ಬರೀಬೇಡಿ, ಅವರ ಲಿಂಕ್ ಒತ್ತಬೇಡಿ. ನಿಮ್ಮ ಹೆಸರು ಗೊತ್ತು ಅಂದ ಮಾತ್ರಕ್ಕೂ ನಂಬಬೇಡಿ. ಅನುಮಾನ ಬಂದ್ರೆ ನಿಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳಿ. ಒಟಿಪಿ, ಪಾಸ್‌ವರ್ಡ್ ಯಾರು ಕೇಳಿದ್ರೂ ಕೊಡಬೇಡಿ. ಬೇಡದ್ದನ್ನ ವಾರ ವಾರ ತೆಗೀರಿ. ಬಾಗಿಲ ಹೊರಗೆ ನಿಮಗೆ ಬೇಕಾದ ಒಂದು ಪತ್ರ ಕಾಯ್ತಾ ನಿಂತಿರಬಹುದು, ಅದಕ್ಕೆ ಜಾಗ ಇರಲಿ."

ಹೊರಗೆ ಮಂಜು ತೆಳುವಾಗಿ, ಹಳಿಗಳು ಒಂದಿಷ್ಟು ದೂರ ಬೆಳೆದಿದ್ದವು. ಕೇಳಿದವರು ಬೆಂಚುಗಳಿಂದ ಎದ್ದರು. ಬಾಗಿಲು ದಾಟಿದ ಒಬ್ಬಾಕೆ ಶಾಲು ಮರೆತೆನೆಂದು ಮರಳಿ ಬಂದರೆ, ಅದಾಗಲೇ ಮೂಲೆಯಲ್ಲಿ ಕೂತಿದ್ದ ಜೋಪಾನಕ್ಕನ ಮಡಿಲಲ್ಲಿತ್ತು. ಗುರುತು ಹೇಳು ಎಂದರು ಅವರು. ಅಂಚಿನಲ್ಲಿ ನೀಲಿ ದಾರದ ಹೊಲಿಗೆ ಇದೆ ಎಂದಳು ಆಕೆ. ಶಾಲು ಕೈ ಬದಲಾಯಿತು. ಒಬ್ಬರ ಹಿಂದೊಬ್ಬರು ಬಿಳಿಯ ಮಂಜಿನೊಳಗೆ ಇಳಿದು ಎಲ್ಲರೂ ಮನೆಗೆ ಹೋದರು.